ಪೇಂಟ್ ಬೇಡವೆಂದು ಹುಟ್ಟಿದ ಬಂಪರ್‌ಗೆ ಪೇಂಟ್ ಹೊಡೆಯುವ ಕಥೆ

ಮೂಡಿಗೆರೆ ಪೇಟೆಯಲ್ಲಿ ನಿಂತ ಕಾರು ಹಳೆಯದೋ ಹೊಸದೋ ಎಂದು ತಿಳಿಯಲು ನಂಬರ್ ಪ್ಲೇಟ್ ನೋಡಬೇಕಿಲ್ಲ. ಬಂಪರ್ ನೋಡಿದರೆ ಸಾಕು. ಬಾಡಿಯ ಬಣ್ಣ ಇನ್ನೂ ಹೊಳೆಯುತ್ತಿರುತ್ತದೆ. ಬಂಪರ್, ಚಕ್ರದ ಸುತ್ತಿನ ಪಟ್ಟಿ, ಬಾಗಿಲ ಕೆಳಗಿನ ಕಪ್ಪು ಪ್ಲಾಸ್ಟಿಕ್ ಮಾತ್ರ ಬೂದಿ ಬಳಿದಂತೆ ಆಗಿರುತ್ತದೆ. ಮಳೆಯಲ್ಲಿ ನೆನೆದಾಗ ಕಪ್ಪಾಗಿ ಕಾಣುತ್ತದೆ, ಒಣಗಿದ ಕೂಡಲೇ ಮತ್ತೆ ಬೂದಿ.

ಕಾರು ಮಾರಲು ಹೊರಟರೆ ಕೊಳ್ಳುವವರ ಕಣ್ಣು ಬೀಳುವುದೂ ಅಲ್ಲಿಗೇ. ಹಾಗಾಗಿ ಗೇಟಿಗೆ ಹೊಡೆದು ಉಳಿದ ಕಪ್ಪು ಪೇಂಟ್ ತಂದು ಬಳಿಯುತ್ತೇವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಾವಿನ ಪೊರೆಯಂತೆ ಸುಲಿದು ಬರುತ್ತದೆ. ಹೀಗೇಕೆ? ಉತ್ತರ ಕಾರಿನ ಇತಿಹಾಸದಲ್ಲಿದೆ.

ಕಬ್ಬಿಣದ ಕಾಲ

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪ್ ಜೋಡಿಸತೊಡಗಿತು. ಏರು, ಕೆಸರು, ಕಲ್ಲು ತುಂಬಿದ ತೋಟದ ದಾರಿಗೆ ಹೇಳಿ ಮಾಡಿಸಿದ ಗಾಡಿ ಅದು. ಅದರ ಬಂಪರ್ ಕಬ್ಬಿಣದ ಪಟ್ಟಿ. ಸೊಟ್ಟಗಾದರೆ ಸುತ್ತಿಗೆಯಲ್ಲಿ ಬಡಿದು ನೇರ ಮಾಡಬಹುದಿತ್ತು. ತುಕ್ಕು ಉಜ್ಜಿ, ಪ್ರೈಮರ್ ಹಾಕಿ, ಪೇಂಟ್ ಹೊಡೆದರೆ ಮುಗಿಯಿತು. ಅಂಬಾಸಿಡರ್, ಫಿಯಟ್ ಕಾರುಗಳದ್ದೂ ಕಬ್ಬಿಣವೇ, ಮೇಲೆ ಕ್ರೋಮಿನ ಹೊಳಪು.

ಈಗಲೂ ಹಳೆಯ ಪೇಂಟರ್‌ಗಳು ‘ಡುಕೋ’ ಎನ್ನುತ್ತಾರಲ್ಲ, ಅದು 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿ ತಂದ ಪೇಂಟಿನ ಹೆಸರು. ಅದಕ್ಕೂ ಮುಂಚೆ ಕಾರಿನ ಪೇಂಟ್ ಪೂರ್ತಿ ಮುಗಿಯಲು ವಾರಗಟ್ಟಲೆ ಬೇಕಿತ್ತು. ಡುಕೋ ಗಂಟೆಗಳಲ್ಲಿ ಒಣಗಿತು. ಆ ಕಬ್ಬಿಣದ ಕಾಲದ ಅಭ್ಯಾಸವೇ ಇಂದಿಗೂ ನಮ್ಮ ಕೈಯಲ್ಲಿದೆ. ಆದರೆ ಬಂಪರ್ ಬದಲಾಗಿದೆ.

ಪ್ಲಾಸ್ಟಿಕ್ ಬಂತು

1954ರಲ್ಲಿ ಇಟಲಿಯ ಜೂಲಿಯೋ ನಟ್ಟಾ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ತಯಾರಿಸಿದರು. 1963ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ ನೊಬೆಲ್ ಬಹುಮಾನ ಬಂತು. 1972ರಲ್ಲಿ ಫ್ರಾನ್ಸಿನ ರೆನೋ 5 ಕಾರು ಬೂದು ಬಣ್ಣದ ಪ್ಲಾಸ್ಟಿಕ್ ಬಂಪರ್ ಹೊತ್ತು ಬಂತು. ಅದು ಬೇರೆ ಜಾತಿಯ ಪ್ಲಾಸ್ಟಿಕ್. ಮುಂದೆ ಹಗುರವೂ ಅಗ್ಗವೂ ಆದ ಪಾಲಿಪ್ರೊಪಿಲೀನೇ ಬಂಪರ್‌ಗಳನ್ನು ಆಳಿತು.

ನಮ್ಮಲ್ಲಿ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಆ ಕಾರಿನ ಕಾಲದಲ್ಲೇ ಕಪ್ಪು ಪ್ಲಾಸ್ಟಿಕ್ ಬಂಪರ್ ನಮ್ಮ ಊರುಗಳಿಗೂ ಪರಿಚಯವಾಯಿತು. ತುಕ್ಕು ಹಿಡಿಯದು, ಸಣ್ಣ ಗುದ್ದಿಗೆ ಬಾಗಿ ಮತ್ತೆ ಮೊದಲಿನಂತಾಗುವುದು. ಬಣ್ಣವನ್ನು ಪ್ಲಾಸ್ಟಿಕ್ ಒಳಗೇ ಬೆರೆಸುವುದರಿಂದ ಪೇಂಟಿನ ಖರ್ಚೂ ಇಲ್ಲ. ಅಂದರೆ ಇದು ಪೇಂಟ್ ಬೇಡವೆಂದೇ ಮಾಡಿದ ವಸ್ತು.

ಆಮೇಲೆ ದುಬಾರಿ ಮಾಡೆಲ್‌ಗಳಿಗೆ ಬಾಡಿ ಬಣ್ಣದ ಬಂಪರ್ ಬಂತು, ಕಪ್ಪು ಬಂಪರ್ ಕಡಿಮೆ ಬೆಲೆಯ ಗುರುತಾಯಿತು. ಈಗ ಮತ್ತೆ ತಿರುಗಿದೆ. ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಇದ್ದರೇ ಗತ್ತು!

ಯಾಕೆ ಸುಲಿಯುತ್ತದೆ?

ಬೂದಿಯಾಗುವುದು ಕೊಳೆಯಿಂದಲ್ಲ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್‌ನ ಮೇಲ್ಪದರವನ್ನೇ ಒಡೆದು ಪುಡಿ ಮಾಡುತ್ತದೆ. ಆ ಪುಡಿಯ ಮೇಲೆ ಬಳಿದ ಪೇಂಟ್ ಪುಡಿಯ ಸಮೇತ ಉದುರುತ್ತದೆ. ಪುಡಿ ತೆಗೆದರೂ ಪಾಲಿಪ್ರೊಪಿಲೀನ್‌ಗೆ ಪೇಂಟ್ ಅಂಟುವುದು ಕಷ್ಟ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದಂತೆ ಜಾರುತ್ತದೆ. ಫ್ಯಾಕ್ಟರಿಯಲ್ಲಿ ಬಂಪರ್‌ಗೆ ಬಣ್ಣ ಕೊಡುವ ಮೊದಲು ಅದರ ಮೇಲೆ ಬೆಂಕಿಯ ಜ್ವಾಲೆ ಸರ್ರನೆ ಹಾಯಿಸುತ್ತಾರೆ, ಇಲ್ಲವೇ ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ ಹಾಕುತ್ತಾರೆ. ಜ್ವಾಲೆಯ ಕೆಲಸ ಮನೆಯಲ್ಲಿ ಬೇಡ. ಪ್ರೈಮರ್ ಸಾಕು.

ಪ್ಲಾಸ್ಟಿಕ್ ಯಾವುದೆಂದು ಬಿಡಿಭಾಗದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಇಂಗ್ಲಿಷಿನಲ್ಲಿ ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ‘ಎಬಿಎಸ್’ ಎಂದಿದ್ದರೆ ಪೇಂಟ್ ಸುಲಭವಾಗಿ ಹಿಡಿಯುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ಸೋಪಿನ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಹೊಳಪಿಗೆಂದು ಹಚ್ಚಿದ ಕೊಬ್ಬರಿ ಎಣ್ಣೆ, ಡೀಸೆಲ್, ಸಿಲಿಕೋನ್ ಪಾಲಿಶ್ ಸ್ವಲ್ಪ ಉಳಿದರೂ ಪೇಂಟ್ ಗುಳಿ ಬೀಳುತ್ತದೆ. ನಂತರ ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ ಪುಡಿ ತೆಗೆಯಬೇಕು. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಪ್ರೈಮರ್, ಆಮೇಲೆ ಎರಡು ಮೂರು ತೆಳು ಕೋಟ್ ಪೇಂಟ್. ಒಂದೇ ಸಲ ದಪ್ಪ ಹೊಡೆದರೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲೇ ನೀರಿರುತ್ತದೆ, ಆಗ ಬೇಡ. ಕಣದಲ್ಲಿ ಕಾಫಿ ಒಣಗುವ ದಿನಗಳೇ ಪೇಂಟಿಗೂ ಒಳ್ಳೆಯವು.

ಹೊಡೆಯುವವರ ಎದೆ

ಕೊನೆಗೆ, ಬಂಪರ್‌ಗಿಂತ ದೊಡ್ಡ ಮಾತು. ಗ್ಯಾರೇಜ್‌ಗಳಲ್ಲಿ ಹಾರ್ಡನರ್ ಬೆರೆಸಿ ಹೊಡೆಯುವ ‘ಟೂ ಕೆ’ ಪೇಂಟ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಮಂಜು ಎದೆಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಬಂದರೆ ಮುಂದೆ ಸ್ವಲ್ಪ ವಾಸನೆಗೂ ಉಸಿರು ಕಟ್ಟಬಹುದು. ಮೂಗಿಗೆ ಕಟ್ಟಿದ ಕರ್ಚೀಫ್ ಅದನ್ನು ತಡೆಯದು. ಗಾಳಿ ಬೇರೆ ಕಡೆಯಿಂದ ಪೈಪಿನಲ್ಲಿ ಬರುವ ಮುಖವಾಡ ಬೇಕು. ಸಣ್ಣ ಗ್ಯಾರೇಜ್‌ಗಳಲ್ಲಿ ಅದು ಕಾಣಸಿಗುವುದೇ ಅಪರೂಪ.

ಬಂಪರ್ ಬೂದಿಯಾದರೆ ಗಾಡಿ ನಿಲ್ಲುವುದಿಲ್ಲ. ಪೇಂಟ್ ಹೊಡೆಸಲೇಬೇಕೆಂದರೆ ರೇಟ್ ಚೌಕಾಸಿ ಮಾಡುವ ಮೊದಲು ಎರಡು ಮಾತು ಕೇಳೋಣ: “ಪ್ಲಾಸ್ಟಿಕ್ ಪ್ರೈಮರ್ ಹಾಕ್ತೀರಾ ಅಣ್ಣ? ನಿಮಗೆ ಮಾಸ್ಕ್ ಇದೆಯಾ?”