ಬಾಣಲೆಗೆ ಹಿಂದೆ, ಬಾಣಲೆಯ ಬಳಿಕ

ರಾಣೇಬೆನ್ನೂರಿನ ಪೇಟೆಯಲ್ಲಿ ಮಿಕ್ಸರು ಗ್ರೈಂಡರುಗಳನ್ನು ಮಾರುವ ಅಂಗಡಿಗಳ ಅಟ್ಟಣೆಯ ಮೇಲೆ ಈಗ ಕೆಲವು ವರ್ಷಗಳಿಂದ ಏರ್ ಫ್ರೈಯರ್ ಎಂಬ ಕಪ್ಪು ಬಣ್ಣದ, ಮೊಟ್ಟೆಯಾಕಾರದ ಯಂತ್ರವೂ ತನ್ನದೊಂದು ಸ್ಥಾನವನ್ನು ಸಂಪಾದಿಸಿಕೊಂಡಿದೆ. ಅದನ್ನು ನೋಡಲು ಬಂದ ಗೃಹಿಣಿಯು ಬೆಲೆಯನ್ನು ವಿಚಾರಿಸುವುದಕ್ಕೂ ಮುಂಚೆ ಕೇಳುವುದು “ಇದರಾಗ ಮಿರ್ಚಿ ಬರ್ತಾವೇನ್ರೀ?” ಎಂದು. ಹಾವೇರಿಯಿಂದ ಬ್ಯಾಡಗಿ, ಬ್ಯಾಡಗಿಯಿಂದ ರಾಣೇಬೆನ್ನೂರು ಎಂದು ಹಬ್ಬಿರುವ ಈ ಸೀಮೆಯಲ್ಲಿ ಕರಿದ ತಿಂಡಿಯೆಂದರೆ ಮೊದಲು ನೆನಪಿಗೆ ಬರುವುದು ಮಿರ್ಚಿಯೇ ಆದುದರಿಂದ ಈ ಪ್ರಶ್ನೆಯು ಸಹಜವೂ ಹೌದು, ಯಂತ್ರವನ್ನು ಪರೀಕ್ಷಿಸಲು ತಕ್ಕುದೂ ಹೌದು. “ಎಲ್ಲಾ ಬರ್ತಾವ್ರೀ” ಎಂಬ ಅಂಗಡಿಯವರ ಉತ್ತರವನ್ನು ಒಪ್ಪಿ ಹಣವನ್ನು ಎಣಿಸುವ ಮೊದಲು, ಇಲ್ಲಿಯ ಜನರು ಧಾನ್ಯಕ್ಕೂ ಕಾಯಿಪಲ್ಯಕ್ಕೂ ಬೆಂಕಿಯ ಬಿಸಿಯನ್ನು ಯಾವ ಯಾವ ಮಾಧ್ಯಮದ ಮೂಲಕ ಮುಟ್ಟಿಸುತ್ತ ಬಂದರೆಂಬುದನ್ನು ತುಸು ವಿಚಾರಿಸುವುದು ಒಳ್ಳೆಯದು. ಹಾಗೆ ವಿಚಾರಿಸಿದಾಗ ಈ ಯಂತ್ರದ ಪೂರ್ವಿಕರನ್ನು ಎಣ್ಣೆಯ ಬಾಣಲೆಯಲ್ಲಿ ಹುಡುಕದೆ ಮರಳಿನ ಮಡಕೆಯಲ್ಲಿ ಹುಡುಕಬೇಕೆಂದು ನನಗೆ ದೃಢವಾಗಿ ತೋರುತ್ತದೆ.

ಮರಳೇ ಇಲ್ಲಿ ಮೊದಲಿನದು. ಮಂಡಕ್ಕಿಯನ್ನು ತಿನ್ನದ ಮನೆ ಈ ಮೂರೂ ಊರುಗಳಲ್ಲಿ ಇರಲಾರದಾದರೂ ಅದು ಹುಟ್ಟುವ ಭಟ್ಟಿಯ ಒಳಗನ್ನು ಕಂಡವರು ಕಡಿಮೆ. ನೆನೆದು, ಕುದಿದು, ಒಣಗಿ, ಉಪ್ಪುನೀರನ್ನು ಹೀರಿಕೊಂಡಿರುವ ಅಕ್ಕಿಯನ್ನು ಚೆನ್ನಾಗಿ ಕಾದ ಮರಳಿಗೆ ಸುರಿದೊಡನೆಯೇ ಮರಳಿನ ಕಣಗಳು ಪ್ರತಿಯೊಂದು ಕಾಳನ್ನೂ ಸುತ್ತುವರಿದು ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿ ಬಿಸಿಯನ್ನು ಒತ್ತುತ್ತವೆ. ಕಾಳಿನೊಳಗೆ ಉಳಿದಿದ್ದ ಅಲ್ಪ ತೇವವು ಆವಿಯಾಗಿ ಹೊರಕ್ಕೆ ನುಗ್ಗುವ ರಭಸಕ್ಕೆ ಕಾಳು ಅರಳಿ, ಹಗುರವಾಗಿ ಮೇಲಕ್ಕೆ ಏಳುತ್ತದೆ. ಜರಡಿಗೆ ಬಗ್ಗಿಸಿದರೆ ಮರಳು ಕೆಳಗಿಳಿದು ಮಂಡಕ್ಕಿಯು ಮೇಲುಳಿಯುತ್ತದೆ. ಒಂದು ತೊಟ್ಟು ಎಣ್ಣೆಯಿಲ್ಲದೆ ಗರಿಗರಿಯಾದ ಪದಾರ್ಥವೊಂದು ಸಿದ್ಧವಾಯಿತು. ನಾಗರಪಂಚಮಿಗೆ ಜೋಳದ ಅಳ್ಳು ಹುರಿಯುವ ಮನೆಗಳ ವಿಧಾನವೂ, ಕಡಲೆಯನ್ನು ಹುರಿದು ಪುಠಾಣಿ ಮಾಡುವವರ ವಿಧಾನವೂ ತತ್ತ್ವತಃ ಇದೇ. ಒಣ ಬಿಸಿಯು ಸುತ್ತಲಿಂದಲೂ ಮುತ್ತಬೇಕು, ತೇವವು ಬೇಗನೆ ಹೊರಹೋಗಬೇಕು, ಕಾಳು ಒಂದೆಡೆ ನಿಲ್ಲದೆ ಆಡುತ್ತಿರಬೇಕು: ಹುರಿಯುವ ವಿದ್ಯೆಯ ಈ ಮೂರು ನಿಯಮಗಳನ್ನು ಭಟ್ಟಿಯ ಜನರು ಪುಸ್ತಕದ ನೆರವಿಲ್ಲದೆ ತಲೆಮಾರುಗಳಿಂದ ಪಾಲಿಸುತ್ತ ಬಂದಿದ್ದಾರೆ.

ಎಣ್ಣೆಯ ಸಂಗತಿಯೇ ಬೇರೆ. ಅದು ಬಹುಕಾಲ ಅಡುಗೆಮನೆಗೆ ಮಿತವಾಗಿ ಮಾತ್ರ ದೊರೆಯುತ್ತಿದ್ದ ವಸ್ತು. ಹಾವೇರಿಯ ಸಿದ್ಧೇಶ್ವರ, ಚೌಡದಾನಪುರದ ಮುಕ್ತೇಶ್ವರ, ಹಾನಗಲ್ಲಿನ ತಾರಕೇಶ್ವರ ಮೊದಲಾದ ದೇವಾಲಯಗಳು ತಲೆಯೆತ್ತಿದ ಕಲ್ಯಾಣದ ಚಾಲುಕ್ಯರ ಹಾಗೂ ಅವರ ನಂತರದವರ ಕಾಲದ ಶಾಸನಗಳನ್ನು ಓದುವವರಿಗೆ ನಂದಾದೀವಿಗೆಗಾಗಿ ಗಾಣಗಳಿಂದ ಎಣ್ಣೆಯನ್ನು ಬಿಟ್ಟ ದಾನಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಗಾಣಕ್ಕೆ ಇಷ್ಟು ಸೊಲ್ಲಗೆ ಎಂದು ಅಳೆದು, ಕಲ್ಲಿನಲ್ಲಿ ಕೆತ್ತಿಸಿ, ತಪ್ಪಿದವರಿಗೆ ಶಾಪವನ್ನೂ ವಿಧಿಸುವಷ್ಟು ಬೆಲೆಯುಳ್ಳ ಪದಾರ್ಥವದು. ಎತ್ತು ಸುತ್ತಿ ಸುತ್ತಿ ಎಳೆದ ಗಾಣದಿಂದ ತೊಟ್ಟಿಕ್ಕಿದ ಕುಸುಬೆಯ, ಎಳ್ಳಿನ, ಗುರೆಳ್ಳಿನ ಎಣ್ಣೆಯಲ್ಲಿ ದೇವರ ದೀಪಕ್ಕೊಂದು ಪಾಲು, ತಲೆಗೊಂದು ಪಾಲು. ಒಗ್ಗರಣೆಗೆ ಉಳಿದುದು ಸೌಟಿನ ತುದಿಯಷ್ಟು. ಹಿಂಡಿಯು ಮರಳಿ ಎತ್ತಿನ ಬಾಯಿಗೆ. ಬಾಣಲೆ ತುಂಬ ಎಣ್ಣೆಯನ್ನು ಕಾಯಿಸುವುದು ಹಬ್ಬ, ಮದುವೆ, ಸೀಮಂತಗಳ ಮಾತಾಗಿದ್ದಿತು; ಕರ್ಚಿಕಾಯಿ, ಕರಿಗಡುಬು, ಚಕ್ಕುಲಿಗಳಿಗೆ ಇಂದಿಗೂ ಅಂಟಿಕೊಂಡಿರುವ ಹಬ್ಬದ ಕಳೆಯು ಆ ಮಿತವ್ಯಯದ ಕಾಲದ ಉಳಿಕೆಯೆಂದೇ ನಾನು ತಿಳಿಯುತ್ತೇನೆ.

ಅರಮನೆಯ ಬಾಣಲೆಗೆ ಈ ಕೊರತೆಯಿರಲಿಲ್ಲ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಕಡಲೆಯ ಹಿಟ್ಟಿಗೆ ಇಂಗು, ಉಪ್ಪು, ಮೆಣಸುಗಳನ್ನು ಬೆರೆಸಿ ಎಣ್ಣೆಯಲ್ಲಿ ಕರಿದ ಪೂರಿಕೆಯ ವರ್ಣನೆಯಿದೆ, ಇಂದಿನ ಭಜಿಯ ಹಿಟ್ಟನ್ನು ಕಲಸುವವಳು ಅದನ್ನು ಓದಿದರೆ ತನ್ನ ಕೈಯ ಕೆಲಸವನ್ನೇ ಗುರುತಿಸಿಯಾಳು. ಆದರೆ ಅಲ್ಲಿ ಮೆಣಸಿನಕಾಯಿಯಿಲ್ಲ. ಮೂರನೆಯ ಮಂಗರಸನು 16ನೆಯ ಶತಮಾನದ ಆದಿಯಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದಾಗಲೂ ಖಾರವೆಂದರೆ ಕಾಳುಮೆಣಸೇ. ಅಮೆರಿಕದ ಈ ಕಾಯಿಯನ್ನು ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ಬಳಿಕ ಅದು ಘಟ್ಟವನ್ನು ಹತ್ತಿ ಬಯಲುಸೀಮೆಯ ಕಪ್ಪು ನೆಲಕ್ಕೆ ಬಂದು, ಹೊರಗಿನಿಂದ ಬಂದುದೆಂಬುದನ್ನೇ ಜನ ಮರೆಯುವಷ್ಟು ನಮ್ಮದಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಬ್ಯಾಡಗಿಯ ಮೆಣಸಿನಕಾಯಿಯೂ ಮಿರ್ಚಿಯ ಮೆಣಸಿನಕಾಯಿಯೂ ಒಂದೇ ಎಂದು ದೂರದ ಊರಿನವರು ಭಾವಿಸುವುದುಂಟು. ಮಿರ್ಚಿಗೆ ಬೇಕಾದುದು ಹಸಿಯದು, ನೀಳವಾದುದು, ತಿರುಳುಳ್ಳದು. ಬ್ಯಾಡಗಿಯದಾದರೋ ಗಿಡದಲ್ಲಿಯೇ ಹಣ್ಣಾಗಿ, ಕಣದಲ್ಲಿ ಒಣಗಿ, ಮೈಯೆಲ್ಲ ಸುಕ್ಕುಗಟ್ಟಿದ ಕೆಂಪು ಕಾಯಿ. ಡಬ್ಬಿಯೆಂದೂ ಕಡ್ಡಿಯೆಂದೂ ಅದರಲ್ಲಿ ಎರಡು ಜಾತಿ. ಖಾರ ಕಡಿಮೆ, ಬಣ್ಣ ಅಪಾರ. ಆ ಬಣ್ಣವನ್ನು ದ್ರಾವಣದ ರೂಪದಲ್ಲಿ ಹೊರತೆಗೆದು ಆಹಾರಕ್ಕೂ ತುಟಿಬಣ್ಣಕ್ಕೂ ಬಳಸುವ ಉದ್ಯಮವು ಬೆಳೆದುದರಿಂದಲೇ ಗದಗ, ಧಾರವಾಡ, ಬಳ್ಳಾರಿ, ರಾಯಚೂರುಗಳ ಹೊಲಗಳಿಂದಲೂ ಆಂಧ್ರದಿಂದಲೂ ಚೀಲಗಳು ಬ್ಯಾಡಗಿಯ ಮಾರುಕಟ್ಟೆಗೆ ಬಂದು ಬೀಳುತ್ತವೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು.

ಎಣ್ಣೆಯ ಬರವು ನೀಗಿದುದು ಈಚೆಗೆ. ಶೇಂಗಾ ಬೆಳೆಯು ಈ ಭಾಗದಲ್ಲಿ ವ್ಯಾಪಿಸಿ, ಎತ್ತಿನ ಗಾಣದ ಸ್ಥಾನಕ್ಕೆ ಯಂತ್ರದ ಗಿರಣಿಗಳು ಬಂದವು. 1994ರಲ್ಲಿ ತಾಳೆಯೆಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆಯು ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಹರಿಯಿತು. ಹಬ್ಬದ ಬಾಣಲೆಯು ದಿನನಿತ್ಯದ್ದಾಯಿತು. ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದ ಎದುರು ಮಂಡಕ್ಕಿಯ ರಾಶಿಯ ಬದಿಯಲ್ಲಿ ಮಿರ್ಚಿಯ ಬಾಣಲೆ ಕುದಿಯದಿದ್ದರೆ ಆ ಊರಿಗೆ ಸಂಜೆಯೇ ಆಗಲಿಲ್ಲವೆನ್ನುವಂತಾಯಿತು. ಮರಳಿನಲ್ಲಿ ಹುರಿದುದೂ ಎಣ್ಣೆಯಲ್ಲಿ ಕರಿದುದೂ ಒಂದೇ ಕಾಗದದ ಮೇಲೆ ಕೂಡಿದವು. ಇದನ್ನು ನಾನು ದೂಷಿಸಲಾರೆ, ಅದರ ರುಚಿಯು ಅಷ್ಟು ಹಿರಿದು. ಆದರೆ ಒಮ್ಮೆ ಕಾಯಿಸಿದ ಎಣ್ಣೆಯನ್ನೇ ಮರುದಿನವೂ ಕಾಯಿಸುವ ಅಭ್ಯಾಸವು ಅದರ ಜೊತೆಯಲ್ಲಿಯೇ ಬಂದಿತು. ಅಂಥ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಕೂಡದೆಂಬ ನಿಯಮವು 2018ರ ಜುಲೈಯಿಂದ ದೇಶದಾದ್ಯಂತ ಜಾರಿಯಲ್ಲಿದೆ. ಎಣ್ಣೆಯ ಬಳಕೆಯನ್ನು ಶೇಕಡಾ 10ರಷ್ಟು ತಗ್ಗಿಸಿರೆಂದು 2025ರಲ್ಲಿ ಪ್ರಧಾನಮಂತ್ರಿಗಳೇ ಕರೆಯಿತ್ತರು. ಏರ್ ಫ್ರೈಯರಿನ ಮೇಲೆ ಜನರ ದೃಷ್ಟಿ ಬೀಳುವುದಕ್ಕೆ ಈ ಆತಂಕವೇ ಕಾರಣವೆಂಬುದರಲ್ಲಿ ಸಂಶಯವಿಲ್ಲ.

ಯಂತ್ರದ ವೃತ್ತಾಂತವು ಸಣ್ಣದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲಿಯಂ ಮ್ಯಾಕ್ಸನ್ ಎಂಬಾತನು ವಿಮಾನದಲ್ಲಿ ಪಯಣಿಸುವ ಸೈನಿಕರ ಹೆಪ್ಪುಗಟ್ಟಿಸಿದ ಊಟವನ್ನು ಬಿಸಿಮಾಡಲು ಪಂಖವುಳ್ಳ ಒಲೆಯೊಂದನ್ನು ರಚಿಸಿದನು. ಬಹಳ ವರ್ಷಗಳ ಬಳಿಕ ಫ್ರೆಡ್ ವಾನ್ ಡೆರ್ ವೈ ಎಂಬ ಡಚ್ಚನು ಅದೇ ತತ್ತ್ವವನ್ನು ಸಣ್ಣ ಪೆಟ್ಟಿಗೆಯೊಂದಕ್ಕೆ ಇಳಿಸಿದನು. 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಫಿಲಿಪ್ಸ್ ಸಂಸ್ಥೆಯು ಅದನ್ನು ಲೋಕದ ಮುಂದಿಟ್ಟಿತು. ಮೇಲೆ ಕಾಯುವ ಸುರುಳಿ, ಅದರ ಮೇಲೊಂದು ಪಂಖ, ಕೆಳಗೆ ತೂತುಗಳುಳ್ಳ ಬುಟ್ಟಿ. ಬಿಸಿಗಾಳಿಯು ರಭಸದಿಂದ ಇಳಿದು, ಪದಾರ್ಥವನ್ನು ಸುತ್ತಿ, ಬುಟ್ಟಿಯ ಅಡಿಯಿಂದ ತಿರುಗಿ ಮೇಲೇರುತ್ತದೆ. ಮರಳು ಮಾಡುತ್ತಿದ್ದುದನ್ನು ಗಾಳಿಯು ಮಾಡುತ್ತದೆ. ಕಾಳನ್ನು ಆಡಿಸುವ ಕೆಲಸ ಮಾತ್ರ ನಮ್ಮದು: ನಡುನಡುವೆ ಬುಟ್ಟಿಯನ್ನು ಹೊರಗೆಳೆದು ಮೊರದಲ್ಲಿ ಕೇರುವಂತೆ ಕುಲುಕಬೇಕು.

ಇನ್ನು ಮಿರ್ಚಿಯ ಪ್ರಶ್ನೆಗೆ ಬರಬಹುದು. ಮಿರ್ಚಿ ಮಾಡುವವನ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಉತ್ತರವು ಅಲ್ಲಿಯೇ ಸಿಕ್ಕುತ್ತದೆ. ಸೀಳಿ ಒಳಗೆ ಉಪ್ಪು-ಜೀರಿಗೆಯ ಮಿಶ್ರಣವನ್ನು ಸವರಿದ ಕಾಯನ್ನು ತೊಟ್ಟು ಹಿಡಿದು ಕಡಲೆ ಹಿಟ್ಟಿನಲ್ಲಿ ಅದ್ದಿ, ಪಾತ್ರೆಯ ಅಂಚಿಗೆ ಒಂದು ಮಗ್ಗುಲನ್ನು ಒರಸಿ, ಹಿಟ್ಟು ಇನ್ನೂ ಜಾರುತ್ತಿರುವಾಗಲೇ ಅದನ್ನು ಕಾದ ಎಣ್ಣೆಗೆ ಉದ್ದುದ್ದವಾಗಿ ಬಿಡುತ್ತಾನೆ. ಬಿಟ್ಟ ಕ್ಷಣದಲ್ಲಿ ಹಿಟ್ಟಿನ ಹೊರಮೈ ಸುತ್ತಲೂ ಬಿಗಿದುಕೊಳ್ಳುತ್ತದೆ, ಒಳಗಿನ ಸೋಡಾ ಮತ್ತು ಆವಿಯು ಅದನ್ನು ಉಬ್ಬಿಸುತ್ತದೆ. ಆ ಕ್ಷಣಕಾಲದ ಬಿಗಿತವು ಎಣ್ಣೆಯಿಂದಲೇ ಸಾಧ್ಯ. ಗಾಳಿಯು ಅಷ್ಟೇ ಉಷ್ಣತೆಗೆ ಕಾದಿದ್ದರೂ ಬಿಸಿಯನ್ನು ಎಣ್ಣೆಯಷ್ಟು ಬೇಗ ಒಪ್ಪಿಸಲಾರದು. ಏರ್ ಫ್ರೈಯರಿನಲ್ಲಿ ಹಿಟ್ಟು ಬಿಗಿಯುವ ಮೊದಲೇ ತೂತುಗಳಿಂದ ಸೋರಿ ತಳದಲ್ಲಿ ಹೆಪ್ಪಾಗುವುದು, ಕಾಯಿಯು ಬರಿಮೈಯಲ್ಲಿ ಉಳಿಯುವುದು. ಆದುದರಿಂದ ಮಿರ್ಚಿಗಾಗಿ ಈ ಯಂತ್ರವನ್ನು ಕೊಳ್ಳಬೇಡಿರೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಪೇಟೆಯಿಂದ ತಂದು ಆರಿಹೋದ ಮಿರ್ಚಿಯನ್ನು ಮತ್ತೆ ಗರಿಗರಿಯಾಗಿಸಲು ಮಾತ್ರ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅಕ್ಕಿಯ ಸಂಡಿಗೆಯೂ ಗಾಳಿಯಲ್ಲಿ ಅರಳದೆ ಗಟ್ಟಿಯಾಗಿಯೇ ಉಳಿಯುತ್ತದೆ.

ಕೊಳ್ಳುವವರು ಮೊದಲು ನೋಡಬೇಕಾದುದು ತಮ್ಮ ಮನೆಯ ಗೋಡೆಯನ್ನು. ಇಂಥ ಯಂತ್ರಗಳು ಸಾಮಾನ್ಯವಾಗಿ 1200ರಿಂದ 1700 ವ್ಯಾಟ್ ಬೇಡುತ್ತವೆ. ಹಳೆಯ ಮನೆಗಳ 6 ಆಂಪಿಯರಿನ ಸಣ್ಣ ಪ್ಲಗ್ಗು 1400 ವ್ಯಾಟಿನ ಒಳಗೇ ದಣಿಯುವುದರಿಂದ ಅಡುಗೆಮನೆಯಲ್ಲಿ 16 ಆಂಪಿಯರಿನ ದೊಡ್ಡ ಪ್ಲಗ್ಗು ಇರುವುದು ಅವಶ್ಯ. 1500 ವ್ಯಾಟಿನ ಯಂತ್ರವು 20 ನಿಮಿಷ ನಡೆದರೆ ಹೆಚ್ಚೆಂದರೆ ಅರ್ಧ ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಮ್ಮ ಸರಾಸರಿ ಬಳಕೆಯ ಮಿತಿಯೊಳಗೆ ಅದು ಹಿಡಿಯುವುದೇ ಎಂದು ಎಣಿಸಿ ನೋಡುವುದು ಯುಕ್ತ. ನಾಲ್ವರ ಮನೆಗೆ 4 ಲೀಟರಿನ ಬುಟ್ಟಿಯು ಸಾಕೆನ್ನುವರು, ಆದರೆ ತುಂಬಿದ ಬುಟ್ಟಿಯಲ್ಲಿ ಗಾಳಿ ಆಡದು, ಅರ್ಧಕ್ಕೆ ಮಾತ್ರ ಹಾಕಬೇಕು. ಬಂಧುಬಳಗ ಬಂದುಹೋಗುವ ಮನೆಯವರು ದೊಡ್ಡದನ್ನೇ ಆರಿಸುವುದು ಮೇಲು. ಗಾಜಿನ ಕಿಟಕಿ, ಹತ್ತಾರು ಗುಂಡಿಗಳು, ಮೊಬೈಲಿನ ಜೋಡಣೆ ಇವು ಅನಾವಶ್ಯಕ. ಉಷ್ಣತೆಯ ತಿರುಗಣೆಯು 80 ಡಿಗ್ರಿಯವರೆಗೆ ಇಳಿಯುವುದೇ ಎಂಬುದು ಮಾತ್ರ ನಮ್ಮ ಸೀಮೆಗೆ ಮುಖ್ಯ, ಏಕೆಂದರೆ ನಮ್ಮಲ್ಲಿ ಹುರಿಯುವ ಕೆಲಸದಷ್ಟೇ ಗರಿಯಾಗಿಸುವ, ತೇವ ತೆಗೆಯುವ ಕೆಲಸವೂ ಹೆಚ್ಚು.

ಮೊದಲ ಪ್ರಯೋಗಕ್ಕೆ ಶೇಂಗಾ ಪ್ರಶಸ್ತ. ಒಂದೇ ಪದರವಾಗಿ ಹರವಿ 160 ಡಿಗ್ರಿಯಲ್ಲಿ ಹತ್ತು ನಿಮಿಷದ ಆಚೀಚೆ, ಎರಡು ಮೂರು ಸಲ ಕುಲುಕಿದರೆ ಸಿಪ್ಪೆಯು ಬೆರಳಿಗೆ ಉದುರುವಷ್ಟು ಹದವಾಗುತ್ತದೆ; ಚಟ್ನಿಪುಡಿಗೆ ಒಲೆಯ ಮುಂದೆ ನಿಂತು ಕೈಯಾಡಿಸುವ ಶ್ರಮವು ತಪ್ಪುತ್ತದೆ. ಮಳೆಗಾಲದಲ್ಲಿ ಮೆತ್ತಗಾದ ಖಡಕ್ ರೊಟ್ಟಿಯನ್ನು ಮುರಿದು ಬುಟ್ಟಿಯಲ್ಲಿ ಇಟ್ಟು ಎರಡು ಮೂರು ನಿಮಿಷ ಬಿಸಿಗಾಳಿ ಕೊಟ್ಟರೆ ಮತ್ತೆ ಟಕ್ಕೆನ್ನುತ್ತದೆ. ಎಣ್ಣೆಗಾಯಿಯ ಬದನೆಗಳಿಗೆ ಮಸಾಲೆ ತುಂಬಿ, ಮೈಗೆ ಒಂದು ಚಮಚ ಎಣ್ಣೆಯನ್ನು ಸವರಿ ಬೇಯಿಸಿ, ಬಳಿಕ ಗೊಜ್ಜಿನಲ್ಲಿ ಕೂಡಿಸಿದರೆ ಬಾಣಲೆಯಲ್ಲಿ ಸುರಿಯುತ್ತಿದ್ದ ಎಣ್ಣೆಯ ಬಹುಭಾಗವು ಉಳಿಯುತ್ತದೆ.

ಬ್ಯಾಡಗಿಯ ಮೆಣಸಿನಕಾಯಿಗೆ ಮಾತ್ರ ವಿಶೇಷ ಎಚ್ಚರ ಬೇಕು. ಒಣಗಿದ ಕಾಯಿ ಎಲೆಯಷ್ಟು ಹಗುರ. ಪಂಖದ ರಭಸಕ್ಕೆ ಹಾರಿ ಕಾದ ಸುರುಳಿಗೆ ತಗುಲಿದರೆ ಮನೆಯೆಲ್ಲ ಘಾಟು. ಮೇಲೊಂದು ಉಕ್ಕಿನ ಜಾಳಿಗೆಯನ್ನು ಹೇರಿ, 120 ಡಿಗ್ರಿಯನ್ನು ಮೀರದೆ, ಕಿಟಕಿ ತೆರೆದು, ಕಾಯಿಯು ಮುರಿದರೆ ಚಟ್ಟೆನ್ನುವವರೆಗೆ ಮಾತ್ರ ಹುರಿಯಬೇಕು. ಬಿಸಿ ಹೆಚ್ಚಿದಷ್ಟೂ ಬಣ್ಣವು ಸಾಯುತ್ತದೆ, ಬಣ್ಣವೇ ಈ ಕಾಯಿಯ ಸರ್ವಸ್ವ. ಆ ಬಣ್ಣದ ಬೆಲೆಯನ್ನು ತೋರಿಸಿದ ದಿನವೊಂದನ್ನು ಇಲ್ಲಿ ಹೇಳದಿರಲಾರೆ. 2024ರ ಮಾರ್ಚ್ 11, ಸೋಮವಾರ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರವು ಕುಸಿದುದನ್ನು ಕಂಡು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಅದೇ ದಿನ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ನಿಜವಾದ ಕೆಂಪಿಗೆ ಕೊಳ್ಳುವವರಿಲ್ಲದೆ, ರಾಸಾಯನಿಕದ ಕೆಂಪು ಬೀದಿಯ ಬಾಣಲೆಗಳಲ್ಲೆಲ್ಲ ತುಂಬಿದ್ದಿತು. ಹೂಕೋಸನ್ನು ಬ್ಯಾಡಗಿಯ ಪುಡಿ, ತುಸು ಮೊಸರು, ಒಂದು ಚಮಚ ಎಣ್ಣೆಗಳಲ್ಲಿ ಕಲಸಿ 180 ಡಿಗ್ರಿಯಲ್ಲಿ ಕಾಲು ಗಂಟೆ ಹುರಿದರೆ ಮಕ್ಕಳು ಬೇಡುವ ಆ ಕೆಂಪು ತಾನಾಗಿಯೇ ಬರುತ್ತದೆ. ಹೊಸ ಕಾಯಿಯ ಆವಕವು ಜನವರಿಯಿಂದ ಮಾರ್ಚಿಯವರೆಗೆ ಹೆಚ್ಚು; ವರ್ಷದ ಪುಡಿಗೆ ಬೇಕಾದುದನ್ನು ಆಗಲೇ ಕೊಂಡು, ತೊಟ್ಟು ಮುರಿದು, ಬಿಸಿಲಿಗೆ ಹಾಕಿ ಇಟ್ಟುಕೊಳ್ಳಬಹುದು.