ಹೊಳೆ ಹಿಡಿದ ಹುಲ್ಲಿನ ಚರಿತ್ರೆ

ಬೆಳ್ಳಿ ಹಬ್ಬದ ಸಂಚಿಕೆಗೆ ಚರಿತ್ರೆಯ ಲೇಖನ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದರು. ರಾಜರ ಚರಿತ್ರೆ ಬೇಡ, ಒಂದು ಹುಲ್ಲಿನ ಚರಿತ್ರೆ ಬರೀತೀನಿ ಅಂದೆ. ಅವರು ನಕ್ಕರು. ಕಾಲುವೆಯಲ್ಲಿ ಜೊಂಡು ಕಿತ್ತು ಕೈ ಕುಯ್ದುಕೊಂಡ ಸದಸ್ಯರು ನಗಲಾರರು.

ಜೊಂಡಿಗಿಂತಲೂ ಎತ್ತರದ ಈ ಹುಲ್ಲಿನ ಹೆಸರು ಅರುಂಡೋ ಡೋನಾಕ್ಸ್. ದೂರದಿಂದ ಕಬ್ಬು, ಹತ್ತಿರದಿಂದ ಬಿದಿರು. 20 ಅಡಿ ದಾಟಿ ಬೆಳೆಯುತ್ತದೆ. ಏಷ್ಯಾದಲ್ಲೂ ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಲ್ಲೂ ಬಹು ಹಿಂದಿನಿಂದ ಇದೆ. ಅಲ್ಲಿ ಬುಟ್ಟಿಗೆ, ತಟ್ಟಿಗೆ ಒದಗುತ್ತದೆ. ನಮ್ಮ ಬ್ಯಾಂಡ್‌ಸೆಟ್ಟಿನ ಕ್ಲಾರಿಯೋನೆಟ್ ಊದುವಾಗ ಅದುರುವ ಪಟ್ಟಿಯೂ ಇದರ ದಂಟಿನದೇ. ಹುಲ್ಲನ್ನು ಸುಮ್ಮನೆ ಬೈಯಲು ನನಗೆ ಮನಸ್ಸಿಲ್ಲ.

ಪೇಚಾಟ ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹೊರಗಿನಿಂದ ತಂದ ಈ ಹುಲ್ಲು 1820ರ ಸುಮಾರಿಗೇ ಲಾಸ್ ಏಂಜಲಿಸ್ ಹೊಳೆದಂಡೆಯಲ್ಲಿ ಮನೆಯ ಮಾಡಿಗೆ ಹೊದಿಸುವಷ್ಟು ಬೆಳೆದಿತ್ತು. ಆಮೇಲೆ ಕಾಲುವೆ ಏರಿಯ ಮಣ್ಣು ಹಿಡಿಯಲೆಂದು ಜನ ಕೈಯಾರೆ ನೆಟ್ಟರು. ಆದರೆ ಬೇರು ಆಳಕ್ಕೆ ಇಳಿಯುವುದಿಲ್ಲ. ದೊಡ್ಡ ಪ್ರವಾಹ ಬಂದರೆ ದಂಡೆಯ ಮಣ್ಣಿನ ಸಮೇತ ಮೆಳೆಗೆ ಮೆಳೆಯೇ ಕಿತ್ತುಹೋಗಿ ಸೇತುವೆ ಕಂಬಗಳಿಗೆ ಅಡ್ಡ ಬೀಳುತ್ತೆ. ಬೆಂಕಿ ಬಿದ್ದರೆ ಧಗಧಗ ಉರಿಯುತ್ತೆ. ಸುಟ್ಟ ಜಾಗದಲ್ಲಿ ಮೊದಲು ಚಿಗುರುವುದೂ ಅದೇ.

ಸೋಜಿಗವೆಂದರೆ ಅಲ್ಲಿ ಇದಕ್ಕೆ ಮೊಳೆಯುವ ಬೀಜವೇ ಕಟ್ಟುವುದಿಲ್ಲ. ಗಡ್ಡೆಯ ಒಂದು ತುಂಡು ತೇಲಿ ಬಂದು ಒದ್ದೆ ಮಣ್ಣಿಗೆ ತಾಗಿದರೆ ಸಾಕು. ಹೀಗಾಗಿ ಕೆಳಗಿನವನು ತನ್ನ ಜಮೀನಿನ ದಂಡೆ ಎಷ್ಟು ಚೊಕ್ಕ ಮಾಡಿದರೇನು, ಮೇಲಿನವನು ಬಿಟ್ಟಿದ್ದರೆ ಮುಂದಿನ ಪ್ರವಾಹಕ್ಕೆ ಮತ್ತೆ ಹಾಜರು! ಒಬ್ಬೊಬ್ಬರೇ ಕಡಿದು ದುಡ್ಡು ಕಳಕೊಂಡರು. ಸಾಂಟಾ ಆನಾ ನದಿಯಲ್ಲಿ 1990ರ ದಶಕದಿಂದ ಹಲವು ಇಲಾಖೆ, ಸಂಸ್ಥೆಗಳು ಒಟ್ಟು ಸೇರಿ ಮೇಲಿನಿಂದ ಕೆಳಕ್ಕೆ ತೆಗೆಯುತ್ತಾ ಬಂದವು. ಕಡಿದ ಬುಡಕ್ಕೆ ಕೂಡಲೇ ಔಷಧಿ ಸವರಬೇಕು, ಚಿಗುರಿದ್ದನ್ನು ವರ್ಷ ವರ್ಷವೂ ಹುಡುಕಿ ತೆಗೆಯಬೇಕು. ಒಂದು ದಿನದ ಶ್ರಮದಾನಕ್ಕೆ ಮುಗಿಯುವ ಕೆಲಸ ಅಲ್ಲ.

ಅಮೆರಿಕ, ಮೆಕ್ಸಿಕೋ ನಡುವಿನ ರಿಯೋ ಗ್ರಾಂಡೆ ನದಿಯ ಪಾಡು ಇನ್ನೂ ಕಷ್ಟ. ಎರಡು ದಂಡೆಗೆ ಎರಡು ಸರ್ಕಾರ. ರೈತರಿಗೆ ಸಲ್ಲಬೇಕಾದ ನೀರನ್ನು ಹುಲ್ಲು ಕುಡಿಯುತ್ತಿತ್ತು. 2009ರಲ್ಲಿ ಟೆಕ್ಸಸ್ ಕಡೆ ಈ ಹುಲ್ಲಿನ ತವರಿನಿಂದಲೇ ಪುಟ್ಟ ಕಣಜವೊಂದನ್ನು ತಂದು ಬಿಟ್ಟರು. ಮನುಷ್ಯರಿಗೆ ಕಚ್ಚದು. ದಂಟಿನ ತುದಿಯಲ್ಲಿ ಮೊಟ್ಟೆಯಿಟ್ಟು ಅದನ್ನು ಗಂಟುಗಟ್ಟಿಸುತ್ತೆ. ಅದಕ್ಕೆ ಈ ದಂಡೆ, ಆ ದಂಡೆ ಎಂಬ ಭೇದವಿಲ್ಲ. 2014ರ ಹೊತ್ತಿಗೆ ಅಳತೆ ಮಾಡಿದ ಕಡೆಗಳಲ್ಲಿ ಹುಲ್ಲು ಸರಾಸರಿ ಐದರಲ್ಲೊಂದು ಪಾಲು ಇಳಿದಿತ್ತು.