ಸಯನ್‌ನ ಸೀಟು, ತಾಯಿಯ ಟಿ.ಸಿ.: ಮುಂಬಯಿ ಕನ್ನಡಿಗರ ವೈದ್ಯಕೀಯ ಪ್ರವೇಶದ ಒಂದು ವಿಚಾರ

ನೀಟ್ ಪರೀಕ್ಷೆಗಾಗಿ ಪ್ರತಿವರ್ಷ ಹೊರಬರುವ ಮಾಹಿತಿ ಪುಸ್ತಿಕೆಯಲ್ಲಿ ಒಂದು ಸಣ್ಣ ಕೋಷ್ಟಕವಿದೆ. ಯಾವ ಭಾಷೆಯ ಪ್ರಶ್ನೆಪತ್ರಿಕೆ ಯಾವ ರಾಜ್ಯದ ಕೇಂದ್ರಗಳಲ್ಲಿ ಸಿಗುತ್ತದೆ ಎಂಬ ಪಟ್ಟಿ ಅದು. ಇಂಗ್ಲಿಷ್, ಹಿಂದಿ, ಉರ್ದು ದೇಶದ ಎಲ್ಲ ಕಡೆ ಸಿಗುತ್ತವೆ. ಮರಾಠಿ ಮಹಾರಾಷ್ಟ್ರದಲ್ಲಿ, ಕನ್ನಡ ಕರ್ನಾಟಕದಲ್ಲಿ ಮಾತ್ರ. ಸಯನ್, ಮಾಟುಂಗಾ, ವಡಾಲಗಳ ಕನ್ನಡದ ಹುಡುಗಿಯೊಬ್ಬಳು ಮನೆಗೆ ಹತ್ತಿರದ ಕೇಂದ್ರದಲ್ಲಿ ಕುಳಿತು ಕನ್ನಡ ಪ್ರಶ್ನೆಪತ್ರಿಕೆ ಕೇಳಿದರೆ ಅದು ಸಿಗುವುದಿಲ್ಲ. ಕಾಸರಗೋಡಿನಲ್ಲೂ ಇದೇ ಕತೆ: ಅಲ್ಲಿ ಮಲಯಾಳದ ಪತ್ರಿಕೆಯುಂಟು, ಕನ್ನಡದ್ದು ಬೇಕಾದವರು ಮಂಗಳೂರಿಗೆ ಬರಬೇಕು. ನೀಟ್ ಮತ್ತು ಭಾಷೆಯ ಬಗ್ಗೆ ನಡೆದ ಚರ್ಚೆಯಲ್ಲಿ ಈ ಕೋಷ್ಟಕಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಚರ್ಚೆಯ ಇತಿಹಾಸ ಎಲ್ಲರಿಗೂ ಗೊತ್ತಿರುವುದೇ. 2013ರ ಮೇ 5ರಂದು ಮೊದಲ ನೀಟ್ ನಡೆಯಿತು. ಜುಲೈ 18ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. 2016ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ತಾನೇ ಹಿಂತೆಗೆದುಕೊಂಡಿತು. 2017ರ ಪರೀಕ್ಷೆಗೆ ಮೊದಲು ಪ್ರಕಟವಾದ ಎಂಟು ಭಾಷೆಗಳಲ್ಲಿ ಕನ್ನಡವಿರಲಿಲ್ಲ. ಕನ್ನಡವೂ ಒಡಿಯಾವೂ ಸೇರಿ ಅದು ಹತ್ತಾಯಿತು. ಆಮೇಲೆ ಉರ್ದು, 2021ರಲ್ಲಿ ಪಂಜಾಬಿ, ಮಲಯಾಳಂ ಸೇರಿದ ಮೇಲೆ ಹದಿಮೂರು. ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಇದೊಂದೇ ಪರೀಕ್ಷೆ, 720 ಅಂಕ.

ಈ ಪರೀಕ್ಷೆಯ ಸಾಮಾಜಿಕ ಪರಿಣಾಮವನ್ನು ಹೆಚ್ಚು ಶ್ರಮವಹಿಸಿ ಅಳೆದದ್ದು ತಮಿಳುನಾಡು ಸರ್ಕಾರ 2021ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ. ತಮಿಳು ಮಾಧ್ಯಮದ ಮಕ್ಕಳ ಪಾಲು ನೀಟ್‌ಗೆ ಮುಂಚೆ ಶೇ 15ರ ಆಸುಪಾಸಿನಲ್ಲಿದ್ದದ್ದು ಆಮೇಲೆ ಶೇ 2ರ ಆಸುಪಾಸಿಗೆ ಇಳಿಯಿತು ಎಂದು ಅದು ತೋರಿಸಿತು. ಆ ಬಳಿಕ ಕನ್ನಡದಲ್ಲೂ ವಾದದ ಧಾಟಿ ಅದೇ ಆಯಿತು: ಪರೀಕ್ಷೆಯೇ ಬಾಗಿಲು, ಭಾಷೆಯೇ ಬೀಗ. ರಾಜ್ಯದೊಳಗೇ ಹುಟ್ಟಿ, ರಾಜ್ಯದೊಳಗೇ ಓದಿ, ಅಲ್ಲಿಯೇ ಸೀಟು ಕೇಳುವವರ ಮಟ್ಟಿಗೆ ಈ ವಾದವನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ರಾಜನ್ ಸಮಿತಿಯ ಅಳತೆಗೋಲಿಗೆ ಒಂದು ಮಿತಿಯಿದೆ. ಭಾಷೆಯ ಗಡಿಯೂ ರಾಜ್ಯದ ಗಡಿಯೂ ಒಂದೇ ಎಂದು ಅದು ಹಿಡಿದುಕೊಂಡಿದೆ. ಎರಡೂ ಬೇರೆಯಾಗುವ ಮುಂಬಯಿಯಂಥ ಕಡೆ ಆ ಅಳತೆಗೋಲು ಅಳೆಯಬೇಕಾದದ್ದನ್ನೇ ಬಿಟ್ಟುಬಿಡುತ್ತದೆ. ಪ್ರಸ್ತುತ ಲೇಖನದ ತಕರಾರು ಇಷ್ಟೇ.

ಸಯನ್ ಇದಕ್ಕೆ ತಕ್ಕ ಜಾಗ. ಅದರ ಮರಾಠಿ ಹೆಸರು ಶೀವ, ಅಂದರೆ ಊರಿನ ಗಡಿ, ಎಲ್ಲೆ. ಮುಂಬಯಿ ದ್ವೀಪ ಮುಗಿದು ಸಾಲ್ಸೆಟ್ ಶುರುವಾಗುತ್ತಿದ್ದದ್ದು ಅಲ್ಲಿ. ಬ್ರಿಟಿಷರು ಹದಿನೇಳನೆಯ ಶತಮಾನದಲ್ಲಿ ಕೋಟೆ ಕಟ್ಟಿದ್ದೂ ಆ ಕಾರಣಕ್ಕೆ. ಧಾರಾವಿಯ ಮಗ್ಗುಲಲ್ಲಿರುವ ಲೋಕಮಾನ್ಯ ತಿಲಕ್ ಮಹಾನಗರ ಪಾಲಿಕೆ ವೈದ್ಯಕೀಯ ಕಾಲೇಜು 1964ರಲ್ಲಿ ಆರಂಭವಾಯಿತು. ಊರಿನವರ ಬಾಯಲ್ಲಿ ಅದು ಸಯನ್ ಆಸ್ಪತ್ರೆ. ಇಂದು ಅಲ್ಲಿ ಎಂಬಿಬಿಎಸ್‌ಗೆ 200 ಸೀಟುಗಳಿವೆ. ಶೇ 15, ಅಂದರೆ 30 ಸೀಟು, ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಮಿಕ್ಕ 170 ರಾಜ್ಯದ್ದು. ಕನ್ನಡಿಗರ ಹಳೆಯ ನೆಲೆಗಳು ಇಲ್ಲಿಂದ ದೂರವಿಲ್ಲ: ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ವಡಾಲದ ಎನ್‌ಕೆಇಎಸ್ ಶಾಲೆ.

170 ಮತ್ತು 30ರ ನಡುವಿನ ಗೆರೆಗೆ ಉದ್ದದ ಚರಿತ್ರೆಯಿದೆ. ಇಂದೋರಿನ ವೈದ್ಯಕೀಯ ಕಾಲೇಜಿನ ಶುಲ್ಕದ ಮೊಕದ್ದಮೆಯಲ್ಲಿ, 1955ರ ಡಿ.ಪಿ. ಜೋಷಿ ತೀರ್ಪು, ವಾಸಸ್ಥಳ ಬೇರೆ, ಹುಟ್ಟಿದ ಸ್ಥಳ ಬೇರೆ ಎಂದಿತು. ಸಂವಿಧಾನ ನಿಷೇಧಿಸಿದ್ದು ಎರಡನೆಯದರ ಭೇದವನ್ನು ಮಾತ್ರ. 1984ರ ಪ್ರದೀಪ್ ಜೈನ್ ತೀರ್ಪು ವಾಸಸ್ಥಳದ ಮೀಸಲಿಗೆ ಮಿತಿ ಹಾಕಿತು. ಅದರ ಬೆನ್ನಿಗೆ ಅಖಿಲ ಭಾರತ ಕೋಟಾ ಬಂತು. ಸ್ನಾತಕೋತ್ತರ ವೈದ್ಯಕೀಯದಲ್ಲಿ ವಾಸಸ್ಥಳದ ಮೀಸಲು ಸಲ್ಲದೆಂದು 2025ರ ಜನವರಿಯಲ್ಲಿ ತೀರ್ಪಾಯಿತಾದರೂ ಎಂಬಿಬಿಎಸ್ ಹಂತದಲ್ಲಿ ಅದು ಉಳಿದಿದೆ. ಇಷ್ಟರ ಬಗ್ಗೆ ವಿವಾದವಿಲ್ಲ.

ವಿವಾದ ಶುರುವಾಗುವುದು ‘ವಾಸ’ ಎಂದರೇನು ಎಂಬಲ್ಲಿ. ಮಹಾರಾಷ್ಟ್ರದ ನಿಯಮ ಅದನ್ನು ಡೊಮಿಸೈಲ್ ಪ್ರಮಾಣಪತ್ರಕ್ಕೆ ಬಿಟ್ಟುಕೊಟ್ಟಿಲ್ಲ. ಪ್ರಮಾಣಪತ್ರದ ಜೊತೆಗೆ ಹತ್ತನೆಯದೂ ಹನ್ನೆರಡನೆಯದೂ ರಾಜ್ಯದೊಳಗಿನ ಶಾಲೆ-ಕಾಲೇಜಿನಿಂದ ಪಾಸಾಗಿರಬೇಕು. ಬೋರ್ಡು ಯಾವುದಿದ್ದರೂ ನಡೆದೀತು, ವಿಳಾಸ ಮಾತ್ರ ಮಹಾರಾಷ್ಟ್ರದ್ದೇ ಆಗಬೇಕು. ಸಯನ್‌ನಲ್ಲೇ ಹುಟ್ಟಿ, ಹತ್ತರವರೆಗೆ ವಡಾಲದಲ್ಲಿ ಓದಿ, ಬಳಿಕ ಸಯನ್ ಪಶ್ಚಿಮದ ಎಸ್‌ಐಇಎಸ್ ಕಾಲೇಜಿನಲ್ಲಿ ವಿಜ್ಞಾನ ಓದಿದವರಿಗೆ 170ರ ಬಾಗಿಲು ತೆರೆದಿದೆ. ಅದೇ ಹುಡುಗಿಯನ್ನು ಹತ್ತಾದ ಮೇಲೆ ಪಿಯುಸಿಗೆಂದು ಊರಿಗೆ, ಮಂಗಳೂರಿಗೋ ಮೂಡಬಿದಿರೆಗೋ ಕಳಿಸಿದಿರೋ, ಬಾಗಿಲು ಮುಚ್ಚಿತು. ಮುಂಬಯಿಯ ತುಳು-ಕನ್ನಡ ಮನೆಗಳಲ್ಲಿ ಹೀಗೆ ಕಳಿಸುವುದು ಅಪರೂಪದ ಮಾತೇನಲ್ಲ. ಹಾಸ್ಟೆಲು, ನೀಟ್ ತರಬೇತಿ, ಕಣ್ಣಳತೆಯಲ್ಲಿ ಅಜ್ಜಿಮನೆ, ಎಲ್ಲವೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಮಹಾರಾಷ್ಟ್ರ 2020ರ ಸೆಪ್ಟೆಂಬರಿನಲ್ಲಿ 70:30 ಪ್ರಾದೇಶಿಕ ಕೋಟಾವನ್ನು ಕೈಬಿಟ್ಟ ಮೇಲೆ ಲಾತೂರು, ನಾಂದೇಡಿನ ಮಕ್ಕಳು ಸಯನ್‌ನ ಸೀಟಿಗೆ ಮುಂಬಯಿ ಮಕ್ಕಳೊಡನೆ ಸರಿಸಮ ಸ್ಪರ್ಧಿಗಳಾದರು. ಒಳ್ಳೆಯ ತರಬೇತಿ ಹುಡುಕಿಕೊಂಡು ಊರಿನ ಕಡೆ ನೋಡಲು ಇದೂ ಒಂದು ಒತ್ತಡವಾಗಿದ್ದೀತು.

ಹಾಗಾದರೆ ಊರಿನಲ್ಲಿ ಪಿಯುಸಿ ಮುಗಿಸಿದ ಮುಂಬಯಿ ಹುಡುಗಿ ಕರ್ನಾಟಕದ ಸರ್ಕಾರಿ ಸೀಟಿಗೆ ಅರ್ಹಳೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಕರ್ನಾಟಕದಲ್ಲಿ ಇದನ್ನು ನಿರ್ಧರಿಸುವುದು 2006ರ ಆಯ್ಕೆ ನಿಯಮಗಳು. ಮುಖ್ಯ ದಾರಿ, ರಾಜ್ಯದಲ್ಲಿ ಏಳು ವರ್ಷದ ಓದು. ಎರಡೇ ವರ್ಷ ಓದಿದವಳಿಗೆ ಅದಿಲ್ಲ. ಇನ್ನೊಂದು ದಾರಿಯಲ್ಲಿ ಅಭ್ಯರ್ಥಿ ಎರಡು ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಮೂರನೆಯದು ಹೊರನಾಡು ಕನ್ನಡಿಗರ ದಾರಿ: ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ 50 ಅಂಕದ್ದು, ಮಟ್ಟ ನಾಲ್ಕನೆಯ ತರಗತಿಯದ್ದು, ಪಾಸಾಗಲು 12 ಸಾಕು.

ಮುಂಬಯಿ ಕನ್ನಡಿಗರ ವಿಷಯದಲ್ಲಿ ಎರಡನೆಯ ದಾರಿಯೇ ಕುತೂಹಲದ್ದು. ಮೊದಲ ತಲೆಮಾರಿನ ಅಪ್ಪನನ್ನು ತೆಗೆದುಕೊಳ್ಳೋಣ. ಐದನೆಯದೋ ಆರನೆಯದೋ ಮುಗಿಸಿ ಉಡುಪಿಯ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋದವನು. ಅವನು ಕಲಿತದ್ದು ಕನ್ನಡದಲ್ಲೇ, ಬೆಂಚಿನ ಪಕ್ಕದವರೂ ಊರಿನವರೇ. ಆದರೂ ನಿಯಮ ಕೇಳುವುದು ಕರ್ನಾಟಕದ ಏಳು ವರ್ಷ. ಅವನ ಲೆಕ್ಕ ಐದಕ್ಕೋ ಆರಕ್ಕೋ ನಿಲ್ಲುತ್ತದೆ. ಊರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನಿಗೆ ಈ ತೊಂದರೆಯಿಲ್ಲ. ಎರಡನೆಯ ತಲೆಮಾರಿನ ಅಪ್ಪ ಪೂರ್ತಿ ಮುಂಬಯಿಯಲ್ಲೇ ಓದಿದವನು. ಅವನ ಕಡೆಯಿಂದ ಮಗಳಿಗೆ ಏನೂ ದಕ್ಕುವುದಿಲ್ಲ.

ದಕ್ಕುವುದಾದರೆ ಅಮ್ಮನ ಕಡೆಯಿಂದ. ಮುಂಬಯಿಯ ಹುಡುಗನಿಗೆ ಊರಿನಿಂದ ಹೆಣ್ಣು ತರುವ ಪದ್ಧತಿ ಕರಾವಳಿಯ ಸಮುದಾಯಗಳಲ್ಲಿ ಬಹುಕಾಲ ನಡೆದುಬಂದದ್ದು. ಕುಂದಾಪುರದಲ್ಲೋ ಕಾರ್ಕಳದಲ್ಲೋ ಎಸ್ಸೆಸ್ಸೆಲ್ಸಿಯವರೆಗೆ ಓದಿ ಮದುವೆಯಾಗಿ ಬಂದ ಹೆಂಗಸಿನ ಟ್ರಂಕಿನಲ್ಲಿ ಮಡಿಸಿಟ್ಟ ಶಾಲೆಯ ಟಿ.ಸಿ., ಇಪ್ಪತ್ತು ವರ್ಷದ ನಂತರ ಮಗಳನ್ನು ಕರ್ನಾಟಕದ ಸರ್ಕಾರಿ ಸೀಟಿಗೆ ಅರ್ಹಳನ್ನಾಗಿಸುವ ಕಾಗದವಾಗುತ್ತದೆ. ಹೊರನಾಡಿನ ಎರಡನೆಯ, ಮೂರನೆಯ ತಲೆಮಾರಿನಲ್ಲಿ ಈ ಅರ್ಹತೆ ಹರಿದುಬರುವುದು ಬಹುಮಟ್ಟಿಗೆ ತಾಯಿಯ ಶಾಲೆಯಿಂದ ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ಅಳಿಯಸಂತಾನದ ನೆನಪಿರುವ ನಾಡಿನವರು ಇದನ್ನು ಕೇಳಿ ನಕ್ಕಾರು. ನಿಯಮ ಬರೆದವರಿಗೆ ಅಂಥ ಯೋಚನೆಯೇನೂ ಇದ್ದಿರಲಾರದು.

ಈ ಮಾತನ್ನು ಎಚ್ಚರದಿಂದಲೇ ಹೇಳಬೇಕು. ಮೊದಲನೆಯದಾಗಿ, ನಿಯಮದ ಮಾತು ‘ಇಬ್ಬರಲ್ಲಿ ಒಬ್ಬರು’ ಎಂದಿದೆ. ತಾಯಿಗೆ ಅದು ವಿಶೇಷ ಸ್ಥಾನ ಕೊಟ್ಟಿಲ್ಲ. ಆ ಸ್ಥಾನ ಬಂದದ್ದು ವಲಸೆ ಮತ್ತು ಮದುವೆಯ ರೀತಿಯಿಂದ. ರೀತಿ ಬದಲಾದರೆ ಸ್ಥಾನವೂ ಹೋಗುತ್ತದೆ. ಗಂಡು ಹೆಣ್ಣು ಇಬ್ಬರೂ ಮುಂಬಯಿಯಲ್ಲೇ ಬೆಳೆದ ಮನೆಗಳಿಗೆ ಈ ವಾದ ಅನ್ವಯಿಸದು. ಎರಡನೆಯದಾಗಿ, ಅರ್ಹತೆ ಬೇರೆ, ಸೀಟು ಬೇರೆ. ತಾಯಿಯ ಟಿ.ಸಿ. ನೀಟ್ ಅಂಕಕ್ಕೆ ಒಂದನ್ನೂ ಕೂಡಿಸುವುದಿಲ್ಲ, ಸರತಿಯ ಸಾಲಿನಲ್ಲಿ ನಿಲ್ಲಲು ಬಿಡುತ್ತದೆ, ಅಷ್ಟೇ. ಮೂರನೆಯದಾಗಿ, ಇಲ್ಲಿ ಹೇಳಿದ್ದು ಕರಾವಳಿಯ ಮೂಲದವರ ಸಂಗತಿ. ವಿಜಯಪುರ, ಕಲಬುರಗಿ ಕಡೆಯಿಂದ ಕೂಲಿಗೆಂದು ಬಂದವರ ಮನೆಗಳಲ್ಲಿ ತಾಯಿಗೆ ಏಳು ವರ್ಷದ ಓದು ಇರುವುದನ್ನೇ ಮೊದಲೇ ಊಹಿಸಿಕೊಳ್ಳುವಂತಿಲ್ಲ. ಅವರ ಮಕ್ಕಳಿಗೆ ಉಳಿಯುವುದು ಮೂರನೆಯ ದಾರಿ.

ಆ ಮೂರನೆಯ ದಾರಿಯನ್ನು ಸುಲಭವೆಂದು ತಳ್ಳಿಹಾಕುವವರಿದ್ದಾರೆ. ಐವತ್ತಕ್ಕೆ ಹನ್ನೆರಡು, ಅದೂ ನಾಲ್ಕನೆಯ ತರಗತಿಯ ಮಟ್ಟ, ಏನು ಮಹಾ ಎಂದು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮರಾಠಿ ಆಡಿ ಬೆಳೆದ ಹುಡುಗಿಗೆ ಮಾತೃಭಾಷೆಯ ಕಲಮು ಸಲ್ಲುತ್ತದೆ, ಕನ್ನಡದ ಅಕ್ಷರ ಮಾತ್ರ ಕೈಗೆ ಹತ್ತಿರುವುದಿಲ್ಲ. ಜೀವಕೋಶದ ವಿಭಜನೆಯನ್ನು ನಿದ್ದೆಯಲ್ಲೂ ಹೇಳಬಲ್ಲವಳು ಒತ್ತಕ್ಷರಕ್ಕೆ ತಡವರಿಸುತ್ತಾಳೆ. ಹೀಗಾಗಿ ಕೋಷ್ಟಕದ ಪ್ರಶ್ನೆಗೆ ಇನ್ನೊಂದು ಮುಖ ಕಾಣುತ್ತದೆ. ನೀಟ್‌ನಲ್ಲಿ ಕನ್ನಡ ಇದೆಯೇ ಇಲ್ಲವೇ ಎಂಬುದು ಇವಳಿಗೆ ಮುಖ್ಯವಲ್ಲ, ಆ ಪತ್ರಿಕೆಯನ್ನು ಅವಳು ಇಂಗ್ಲಿಷಿನಲ್ಲೇ ಬರೆಯುತ್ತಾಳೆ. ಕನ್ನಡ ಅವಳಿಗೆ ಎದುರಾಗುವುದು ನೀಟ್‌ನ ಹೊರಗೆ, ಆ ಐವತ್ತು ಅಂಕದ ಪತ್ರಿಕೆಯಲ್ಲಿ. ರಾಜನ್ ಸಮಿತಿ ಹಿಡಿದ ಅಳತೆಗೋಲಿನಲ್ಲಿ ಇವಳು ಇಂಗ್ಲಿಷ್ ಮಾಧ್ಯಮದ ಅನುಕೂಲಸ್ಥೆ. ಆದರೂ ಭಾಷೆಯೇ ಅವಳನ್ನು ತಡೆದೀತು.

ಗಡಿನಾಡಿನ ಚಿತ್ರ ಇದಕ್ಕೆ ತೀರ ಬೇರೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಶಾಲೆಗೆ ಹೋದವನಿಗೆ ಹತ್ತು, ಹನ್ನೆರಡು ಮಹಾರಾಷ್ಟ್ರದಲ್ಲೇ ಆಗಿದ್ದರೆ ಸಯನ್‌ನ 170ರಲ್ಲಿ ಪಾಲುಂಟು. ಅಲ್ಲಿ ಏಳು ವರ್ಷ ಓದಿದ್ದಕ್ಕೆ ಗಡಿನಾಡು ಕನ್ನಡಿಗನೆಂದು ಕರ್ನಾಟಕದಲ್ಲೂ ಅರ್ಹತೆಯುಂಟು. ಎರಡೂ ಮನೆಯಲ್ಲಿ ಎಲೆ ಹಾಕಿದಂತೆ. ಆಚೆ ಮಹಾರಾಷ್ಟ್ರವೂ ಸುಮ್ಮನೆ ಕುಳಿತಿಲ್ಲ: ತಾನು ವಿವಾದಿತವೆನ್ನುವ 865 ಹಳ್ಳಿಗಳ ಮರಾಠಿ ಮಾತೃಭಾಷೆಯ ಮಕ್ಕಳಿಗೆ ಕೆಲವು ಸೀಟು ಕಾದಿಟ್ಟಿದೆ. ಭೂಪಟದ ಗಡಿಯಲ್ಲಿರುವವರನ್ನು ಎರಡೂ ರಾಜ್ಯಗಳು ತಮ್ಮವರೆಂದು ಎಳೆದುಕೊಳ್ಳುತ್ತವೆ. ಮುಂಬಯಿಯ ನಡುವೆ ಇರುವ ಗಡಿಯವರು ಯಾರ ಪಟ್ಟಿಯಲ್ಲೂ ತಾವಾಗಿ ಬೀಳುವುದಿಲ್ಲ.

ನ್ಯಾಯಾಲಯಗಳು ಈ ಸಡಿಲಿಕೆಯನ್ನು ಯಾರಿಗೆ ಕೊಟ್ಟಿವೆ ಎಂಬುದನ್ನೂ ಗಮನಿಸಬೇಕು. ದಿಲ್ಲಿಯ ಶಾಲೆಯಲ್ಲೇ ಕೊನೆಯ ಎರಡು ವರ್ಷ ಓದಿರಬೇಕೆಂಬ ನಿಯಮವನ್ನು 1989ರಲ್ಲಿ ಸುಪ್ರೀಂ ಕೋರ್ಟು ಸಡಿಲಿಸಿದ್ದು ಸರ್ಕಾರಿ ಕೆಲಸದ ಮೇಲೆ ವಿದೇಶಕ್ಕೆ ಹೋದವರ ಮಕ್ಕಳಿಗೆ. 2024ರಲ್ಲಿ ಮಹಾರಾಷ್ಟ್ರದ ಹತ್ತನೆಯ ತರಗತಿಯ ಷರತ್ತಿನಿಂದ ಸೀಟು ಕಳೆದುಕೊಂಡವನಿಗೆ ನ್ಯಾಯ ಸಿಕ್ಕಾಗ ಅವನ ತಂದೆ ಗಡಿ ಕಾಯುವ ಪಡೆಯ ಸೇವೆಯಲ್ಲಿದ್ದರು. ಅಲ್ಲಿ ಸ್ಥಳಾಂತರ ಅನಿವಾರ್ಯವೆಂದು ಕೋರ್ಟು ಒಪ್ಪಿತು. ಹೋಟೆಲಿನ ಗಲ್ಲೆಯಲ್ಲಿ ಕುಳಿತವನು ಮಗಳನ್ನು ಅಜ್ಜಿಮನೆಗೆ ಕಳಿಸಿದ್ದು ಮಾತ್ರ ಆಯ್ಕೆಯೆನಿಸಿಕೊಳ್ಳುತ್ತದೆ. ಈ ಭೇದಕ್ಕೆ ಕಾನೂನಿನ ತರ್ಕವಿದೆ. ವಲಸೆಯ ಚರಿತ್ರೆ ಓದಿದವರಿಗೆ ಅದು ಅಷ್ಟು ಸ್ಪಷ್ಟವಾಗಿ ಕಾಣಲಿಕ್ಕಿಲ್ಲ.

ದಂತವೈದ್ಯಕೀಯದಲ್ಲಿ ಮೇಲಿನ ವಾದ ಮೆತ್ತಗಾಗುತ್ತದೆ. ಮುಂಬಯಿ ಸೆಂಟ್ರಲಿನ ನಾಯರ್ ದಂತ ಕಾಲೇಜಿನಂಥ ಸರ್ಕಾರಿ, ಪಾಲಿಕೆ ಸೀಟುಗಳಿಗೆ ನಿಯಮ ಒಂದೇ ಆದರೂ, ಬಿಡಿಎಸ್‌ಗೆ ಬೇಕಾಗುವ ಅಂಕ ಕಡಿಮೆ, ಖಾಸಗಿ ಸೀಟು ಧಾರಾಳ. 1965ರಲ್ಲಿ ಆರಂಭವಾದ ಮಣಿಪಾಲದ ದಂತ ಕಾಲೇಜಿನಂಥ ಡೀಮ್ಡ್ ಸಂಸ್ಥೆಗಳಲ್ಲಿ ಹತ್ತನೆಯ ತರಗತಿಯ ವಿಳಾಸವನ್ನು ಕೇಳುವುದೇ ಇಲ್ಲ. ಅಲ್ಲಿ ಕೇಳುವುದು ಶುಲ್ಕ. ಹಣವಿದ್ದವರಿಗೆ ಈ ಲೇಖನದ ಗಡಿಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನಬೇಕು.

ಇನ್ನು ಉಳಿದದ್ದು ಎಣಿಕೆಯ ಕೆಲಸ. ಹೊರನಾಡು ಕನ್ನಡಿಗರೆಂದು ಭಾಷಾ ಪರೀಕ್ಷೆಗೆ ಕುಳಿತವರಲ್ಲಿ ಮುಂಬಯಿಯವರೆಷ್ಟು, ಅವರಲ್ಲಿ ತುಳುವರೆಷ್ಟು, ಪಾಸಾದವರಲ್ಲಿ ಸೀಟು ಹಿಡಿದವರೆಷ್ಟು. ತಂದೆ ತಾಯಿಯ ಓದಿನ ಕಲಮಿನಡಿ ಅರ್ಹರಾದವರಲ್ಲಿ ಒಪ್ಪಿಸಿದ ದಾಖಲೆ ತಂದೆಯದೋ ತಾಯಿಯದೋ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಹಾದುಹೋಗುವ ಕಾಗದಗಳಲ್ಲೇ ಇದಕ್ಕೆ ಉತ್ತರವಿದೆ. ತಾಯಿಯ ಶಾಲೆಯ ಕುರಿತ ಪ್ರತಿಪಾದನೆ ಆ ಎಣಿಕೆಯಲ್ಲಿ ನಿಂತೀತು ಅಥವಾ ಬಿದ್ದೀತು. ವಡಾಲ, ಮಾಟುಂಗಾಗಳ ಸಂಘಗಳು ತಮ್ಮ ಸದಸ್ಯರ ಮನೆಗಳಿಂದಲೇ ಅದನ್ನು ಶುರುಮಾಡಬಹುದು.